ಐಸ್‌ಕ್ರೀಮ್ ಕಡ್ಡಿಯ ಸೇತುವೆ ಕಟ್ಟಿಸಿದೆ, ಆದರೂ ಬೆಂಡಿಂಗ್ ಮೊಮೆಂಟ್ ತಲೆಗೆ ಹೋಗಲಿಲ್ಲ. ಎಲ್ಲಿ ತಪ್ಪಿದೆ?

ಕೋಥ್ರೂಡ್ ಮೇಡಂ (ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಪುಣೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಪಾಠ ಮಾಡುತ್ತೇನೆ. ಇದು ಮೂರನೇ ವರ್ಷ. ಸೆಕೆಂಡ್ ಇಯರ್ ಮಕ್ಕಳಿಗೆ ಸ್ಟ್ರೆಂತ್ ಆಫ್ ಮಟೀರಿಯಲ್ಸ್ ನನ್ನ ಪಾಲಿಗೆ ಬಂದಿದೆ.

ಈ ಸಲ ನಮ್ಮ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಒಂದು ಫಾರ್ಮ್ ಕೊಟ್ಟರು. 16 ಪ್ರಶ್ನೆ. ಅದನ್ನು ತುಂಬಿಸಿ, ಯಾರು ನೋಡಿ ಕಲಿಯುವವರು, ಯಾರು ಕೇಳಿ ಕಲಿಯುವವರು, ಯಾರು ಓದಿ, ಯಾರು ಕೈಯಿಂದ ಮಾಡಿ ಕಲಿಯುವವರು ಅಂತ ಮಕ್ಕಳನ್ನು ಬೇರೆ ಮಾಡಬೇಕಂತೆ. ಆಮೇಲೆ ಒಂದೊಂದು ಗುಂಪಿಗೆ ಒಂದೊಂದು ಥರ ಪಾಠ. ನನ್ನ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ "ಕೈಯಿಂದ ಮಾಡಿ" ಅಂತ ಬಂದರು. ಸರಿ, ಮಾಡೋಣ ಅಂತ ಐಸ್‌ಕ್ರೀಮ್ ಕಡ್ಡಿ, ಫೆವಿಕಾಲ್ ತರಿಸಿ ಸೇತುವೆ ಕಟ್ಟಿಸಿದೆ. ಎರಡು ಪೀರಿಯಡ್ ಹೋಯಿತು. ಮಕ್ಕಳು ಕುಣಿದಾಡಿದರು, ಇಟ್ಟಿಗೆ ಇಟ್ಟು ಮುರಿದರು, ವಿಡಿಯೋ ಮಾಡಿದರು, ಪ್ರಿನ್ಸಿಪಾಲರು ಬಂದು ಫೋಟೋ ತೆಗೆಸಿಕೊಂಡರು.

ಮುಂದಿನ ವಾರ ಯೂನಿಟ್ ಟೆಸ್ಟ್. ಸಿಂಪ್ಲಿ ಸಪೋರ್ಟೆಡ್ ಬೀಮ್, ಅಂದರೆ ಎರಡು ತುದಿಗೆ ಆಧಾರ ಇಟ್ಟ ತೊಲೆ, ನಡುವೆ ಒಂದು ಲೋಡ್, ಬೆಂಡಿಂಗ್ ಮೊಮೆಂಟ್ (ತೊಲೆಯನ್ನು ಬಗ್ಗಿಸುವ ಪರಿಣಾಮ ಎಲ್ಲಿ ಎಷ್ಟು ಅಂತ) ಡಯಾಗ್ರಮ್ ಬರೆಯಿರಿ. ಇದಕ್ಕಿಂತ ಸುಲಭದ ಪ್ರಶ್ನೆ ನನಗೆ ಗೊತ್ತಿಲ್ಲ. ಹೋದ ವರ್ಷ ಎಷ್ಟು ಜನ ತಪ್ಪಿದ್ದರೋ ಈ ವರ್ಷವೂ ಅಷ್ಟೇ ಜನ ತಪ್ಪಿದರು. ಅತಿ ಚೆಂದದ ಸೇತುವೆ ಕಟ್ಟಿದ ಹುಡುಗಿ ಹಾಳೆ ಖಾಲಿ ಬಿಟ್ಟಿದ್ದಳು.

ಈ ಆಕ್ಟಿವಿಟಿ ಅನ್ನುವುದು ನಿಜಕ್ಕೂ ಕೆಲಸ ಮಾಡುತ್ತಾ? ಇಲ್ಲ ಬರೀ ಫೋಟೋಗಾ? ಪಾಠ ಮಾಡುವವರು, ಕಲಿಯುವವರು, ಇಂಥ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡವರು, ಯಾರಾದರೂ ಹೇಳಿ.

ಎರಡನೇ ಬೆಂಚು (ಪುಣೆ)

ಮೇಡಂ, ವಿದ್ಯಾರ್ಥಿ ಕಡೆಯಿಂದ ಒಂದು ಮಾತು. ಆರು ಜನರ ಗುಂಪು ಮಾಡಿದರೆ ಇಬ್ಬರು ಕಟ್ಟುತ್ತಾರೆ, ಒಬ್ಬ ಫೆವಿಕಾಲ್ ಹಿಡಿದು ನಿಲ್ಲುತ್ತಾನೆ, ಮೂವರು ರೀಲ್ಸ್ ನೋಡುತ್ತಾರೆ. ನಾನು ಫೆವಿಕಾಲ್ ಹಿಡಿಯುವವನು.

ಡೊಂಬಿವಲಿ ಅಮ್ಮ

ಆ 16 ಪ್ರಶ್ನೆ ನನ್ನ ಮಗನಿಗೂ ಕೊಟ್ಟಿದ್ದರು. ಅವನು ಬೇಗ ಊಟಕ್ಕೆ ಹೋಗಬೇಕಂತ ಎಲ್ಲದಕ್ಕೂ ಮೂರನೇ ಉತ್ತರಕ್ಕೆ ಗುರುತು ಹಾಕಿ ಬಂದ. ಈಗ ಅವನು ಯಾವ ಥರ ಕಲಿಯುವವನು ಅಂತ ಕಾಲೇಜಿನ ದಾಖಲೆಯಲ್ಲಿದೆ!

ಸೈಟ್ ಮೇಲೆ (ಹಿಂಜವಡಿ)

ಮೇಡಂ ತಪ್ಪು ತಿಳಿಯಬೇಡಿ, ಮೊದಲ ತಪ್ಪು ಸೇತುವೆಯಲ್ಲೇ ಇದೆ. ಐಸ್‌ಕ್ರೀಮ್ ಕಡ್ಡಿಯಲ್ಲಿ ಮಕ್ಕಳು ಕಟ್ಟುವುದು ಟ್ರಸ್, ಅಂದರೆ ಕಡ್ಡಿಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು. ಟ್ರಸ್‌ನಲ್ಲಿ ಒಂದೊಂದು ಕಡ್ಡಿಯೂ ಒಂದೋ ಎಳೆತಕ್ಕೆ ಸಿಕ್ಕಿರುತ್ತದೆ, ಇಲ್ಲ ಒತ್ತಡಕ್ಕೆ. ಕಡ್ಡಿ ಬಗ್ಗುವುದೇ ಮುಖ್ಯ ಅಲ್ಲ ಅಲ್ಲಿ. ಟೆಸ್ಟಿನಲ್ಲಿ ಕೇಳಿದ್ದು ಬೀಮ್ ಬಗ್ಗುವ ಬಗ್ಗೆ. ಈಜು ಕಲಿಸಿ ಸೈಕಲ್ ಪರೀಕ್ಷೆ ಮಾಡಿದ ಹಾಗಾಯಿತು.

ಇನ್ನೊಂದು. ಇಟ್ಟಿಗೆ ಇಟ್ಟಾಗ ಮುರಿದದ್ದು ಕಡ್ಡಿಯೋ ಅಂಟೋ, ಯಾರಾದರೂ ನೋಡಿದರಾ? ನನ್ನ ಅಂದಾಜು, ಹತ್ತರಲ್ಲಿ ಒಂಬತ್ತು ಸೇತುವೆ ಬಿಚ್ಚಿಕೊಂಡಿದ್ದು ಫೆವಿಕಾಲ್ ಜೋಡಣೆಯಲ್ಲೇ. ಹಾಗಾದರೆ ಮಕ್ಕಳು ಕಲಿತದ್ದು ಅಂಟಿನ ಬಗ್ಗೆ.

ಕೋಥ್ರೂಡ್ ಮೇಡಂ

@ಸೈಟ್ ಮೇಲೆ, ಅಯ್ಯೋ ದೇವರೇ. ನೀವು ಹೇಳಿದ್ದು ಸರಿ. ಅಷ್ಟೂ ಅಂಟಿನಲ್ಲೇ ಬಿಚ್ಚಿತು. ನಾನು ಅದನ್ನು ನೋಡಿಯೂ ನೋಡಲಿಲ್ಲ.

ಪೇಪರ್ ಹುಳ (ಮುಂಬಯಿ, ಪೊವಾಯಿ)

ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಇಲ್ಲಿ ಎರಡು ಬೇರೆ ವಿಷಯ ಕಲಸಿ ಹೋಗಿವೆ.

ಒಂದು, ಕಲಿಕೆಯ ಶೈಲಿ. ಮೇಡಂ ಹೇಳಿದ ಫಾರ್ಮ್ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರ ವಾರ್ಕ್ ಅನ್ನುವ ಪ್ರಶ್ನಾವಳಿ ಇರಬೇಕು. ಇಂಜಿನಿಯರಿಂಗ್ ಮೇಷ್ಟ್ರುಗಳಲ್ಲಿ ಅದಕ್ಕಿಂತ ಹೆಸರುವಾಸಿಯಾದದ್ದು ರಿಚರ್ಡ್ ಫೆಲ್ಡರ್ ಮತ್ತು ಲಿಂಡಾ ಸಿಲ್ವರ್‌ಮನ್ 1988ರಲ್ಲಿ ಬರೆದ ಲೇಖನ. ಫೆಲ್ಡರ್ ಕೆಮಿಕಲ್ ಇಂಜಿನಿಯರಿಂಗ್ ಪ್ರೊಫೆಸರ್. ಕೆಲವರು ಕಣ್ಣಿಗೆ ಕಂಡ ಸಂಗತಿಯಿಂದ ಶುರು ಮಾಡುತ್ತಾರೆ, ಕೆಲವರು ಸೂತ್ರದಿಂದ. ಕೆಲವರು ಚಿತ್ರ ಕೇಳುತ್ತಾರೆ, ಕೆಲವರು ಮಾತು. ಕೆಲವರು ಕೈ ಹಾಕಿ ನೋಡುತ್ತಾರೆ, ಕೆಲವರು ಕೂತು ಯೋಚಿಸುತ್ತಾರೆ. ಮೇಷ್ಟ್ರುಗಳು ಮಾತ್ರ ಸೂತ್ರ, ಮಾತು, ಕೂತು ಕೇಳುವುದು ಇಷ್ಟರಲ್ಲೇ ಮುಗಿಸುತ್ತಾರೆ ಅನ್ನುವುದು ಅವರ ತಕರಾರು. ಅವರಿಬ್ಬರೂ ಮಕ್ಕಳನ್ನು ಗುಂಪು ಮಾಡಿ ಹಣೆಗೆ ಚೀಟಿ ಅಂಟಿಸಿ ಅನ್ನಲಿಲ್ಲ. ಒಂದೇ ಕ್ಲಾಸಿನಲ್ಲಿ ಎಲ್ಲ ಥರವೂ ಸ್ವಲ್ಪ ಸ್ವಲ್ಪ ಬರಲಿ ಅಂದರು, ಅಷ್ಟೇ. ನಮ್ಮ ಕಾಲೇಜುಗಳು ಚೀಟಿಯನ್ನು ಇಟ್ಟುಕೊಂಡು ಮಾತನ್ನು ಬಿಟ್ಟವು.

ಚೀಟಿಗೆ ತಕ್ಕ ಪಾಠ ಮಾಡಿದರೆ ಜಾಸ್ತಿ ಕಲಿಯುತ್ತಾರಾ ಅಂತ 2008ರಲ್ಲಿ ಪ್ಯಾಶ್ಲರ್ ಮತ್ತು ಮೂವರು ಮನಶ್ಶಾಸ್ತ್ರಜ್ಞರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಅದಕ್ಕೆ ತಕ್ಕ ಪುರಾವೆ ಸಿಗಲಿಲ್ಲ. ಇಷ್ಟ ಅನ್ನುವುದು ಇದೆ. ನನಗೆ ಚಿತ್ರ ಇಷ್ಟ, ನಿಮಗೆ ಮಾತು ಇಷ್ಟ. ಆದರೆ ಇಷ್ಟವಾದ ಹಾಗೆ ಹೇಳಿಕೊಟ್ಟರೆ ಜಾಸ್ತಿ ತಲೆಗೆ ಹೋಗುತ್ತದೆ ಅನ್ನುವುದು ಬೇರೆ ಮಾತು.

ಎರಡನೆಯದು, ಮಕ್ಕಳು ಸುಮ್ನೆ ಕೂರದೆ ಏನಾದರೂ ಮಾಡುವುದು. ಇದಕ್ಕೆ ಪುರಾವೆ ಗಟ್ಟಿಯಾಗಿದೆ. 2014ರಲ್ಲಿ ಫ್ರೀಮನ್ ತಂಡ ವಿಜ್ಞಾನ, ಗಣಿತ, ಇಂಜಿನಿಯರಿಂಗ್ ಕ್ಲಾಸುಗಳ 225 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿತು. ಬರೀ ಲೆಕ್ಚರ್ ಇದ್ದ ಕಡೆ ಫೇಲ್ ಆದವರು ಸರಾಸರಿ ಶೇ. 33.8. ಮಕ್ಕಳ ಕೈಲಿ ಮಾಡಿಸಿದ, ಚರ್ಚಿಸಿದ ಕಡೆ ಶೇ. 21.8. ಆದರೆ ಗಮನಿಸಿ, ಅಲ್ಲಿ "ಮಾಡುವುದು" ಅಂದರೆ ಕಡ್ಡಿ ಅಂಟಿಸುವುದು ಅಂತಲ್ಲ. ಪಕ್ಕದವನಿಗೆ ಉತ್ತರ ಯಾಕೆ ಹಾಗೆ ಅಂತ ಹೇಳುವುದೂ ಅದರಲ್ಲೇ ಸೇರುತ್ತದೆ.

ಮಾಟುಂಗಾ ಮಾಮ

ನಾವು ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವರು. ಉಡುಪಿ ಕಡೆಯ ಎಷ್ಟೋ ಹುಡುಗರು ಹಾಗೇ ಓದಿದರು ಮುಂಬಯಿಯಲ್ಲಿ. ಕಪ್ಪು ಹಲಗೆ, ಸೀಮೆಸುಣ್ಣ, ಒಬ್ಬ ಮಾಸ್ತರು. ಯಾವ ಆಕ್ಟಿವಿಟಿಯೂ ಇರಲಿಲ್ಲ. ನಾನು ಮುಂದೆ ಡಿಪ್ಲೊಮಾ ಮಾಡಿ ಮಿಲ್ಲಿನ ಮೇಂಟೆನೆನ್ಸ್‌ನಲ್ಲಿ 31 ವರ್ಷ ದುಡಿದೆ. ಕಲಿಯುವ ಹಸಿವು ಇದ್ದರೆ ಬರೀ ಲೆಕ್ಚರ್ ಸಾಕು. ಈಗಿನವರಿಗೆ ಆಟ ಬೇಕು, ಅಷ್ಟೇ.

ಭೋಸರಿ ಟೂಲ್‌ರೂಮ್

ಮಾಮ, ನಮಸ್ಕಾರ. ನೀವು ಹಗಲೆಲ್ಲ ಕೈಯಿಂದ ಕೆಲಸ ಮಾಡಿ ರಾತ್ರಿ ಲೆಕ್ಚರ್ ಕೇಳುತ್ತಿದ್ದಿರಿ. ಈ ಮಕ್ಕಳು ಹಗಲೂ ಲೆಕ್ಚರ್, ರಾತ್ರಿ ಮೊಬೈಲಿನಲ್ಲೂ ಲೆಕ್ಚರ್. ವ್ಯತ್ಯಾಸ ಇದೆ ರೀ.

ನನ್ನ ಕಥೆ ಹೇಳುತ್ತೇನೆ. ನಾನು ಗದಗ ಕಡೆಯವನು, ಐಟಿಐ ಮಾಡಿ ಇಲ್ಲಿಗೆ ಬಂದೆ. ಐಟಿಐಯಲ್ಲಿ ಮೊದಲ ತಿಂಗಳು ಫೈಲಿಂಗ್. ಮೇಡಂ, ನಿಮ್ಮ ಎಚ್‌ಒಡಿ ಕೇಳುವ ಫೈಲ್ ಅಲ್ಲ, ಅರ. ಇಲ್ಲಿ ಮರಾಠಿಯಲ್ಲಿ ಕಾನಸ್ ಅನ್ನುತ್ತಾರೆ. ಒಂದು ಕಬ್ಬಿಣದ ತುಂಡು ವೈಸ್‌ನಲ್ಲಿ ಕಚ್ಚಿಸಿ ಉಜ್ಜು ಅಂದರು. ಉಜ್ಜಿದೆ. ಕೈಯಲ್ಲಿ ಬೊಬ್ಬೆ ಬಂತು, ಬೊಬ್ಬೆ ಒಡೆಯಿತು. ಏನು ಕಲಿತೆ? ಏನೂ ಇಲ್ಲ. ಮೇಲ್ಮೈ ನಡುವೆ ಉಬ್ಬಿ, ಎರಡು ತುದಿ ಇಳಿದು ಆಮೆ ಬೆನ್ನಿನ ಹಾಗಾಗಿತ್ತು.

ಇಲ್ಲಿ ಟೂಲ್‌ರೂಮಿಗೆ ಸೇರಿದ ಮೇಲೆ ಒಬ್ಬರು ವಯಸ್ಸಾದ ಫಿಟ್ಟರ್ ಸಿಕ್ಕರು. ಅವರು ತುಂಡು ಕೈಗೆ ಕೊಟ್ಟು, ಅದರ ಮೇಲೆ ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿದರು. "ಬೆಳಕು ಎಲ್ಲಿ ಸೋರುತ್ತಿದೆ?" ತೋರಿಸಿದೆ. "ಹಾಗಾದರೆ ಎತ್ತರ ಯಾವ ಕಡೆ?" ತಪ್ಪು ಹೇಳಿದೆ. ಬೆಳಕು ಕಂಡ ಕಡೆ ಎತ್ತರ ಅಂದೆ! ಅವರು ಬೈಯಲಿಲ್ಲ. "ಸರಿ, ಅಲ್ಲೇ ಉಜ್ಜು" ಅಂದರು. ಹತ್ತು ಸಲ ಉಜ್ಜಿ ಮತ್ತೆ ಹಿಡಿದೆ. ಬೆಳಕು ಇನ್ನೂ ದಪ್ಪ ಆಗಿತ್ತು. ಆ ಹೊತ್ತಿಗೆ ನನಗೇ ನಗು ಬಂತು. ಅವತ್ತಿನಿಂದ ಅವರ ಕಾನೂನು ಒಂದೇ. ಯಾವ ಕಡೆ ಎಷ್ಟು ತೆಗೆಯಬೇಕು ಅಂತ ಬಾಯಲ್ಲಿ ಹೇಳದೆ ಕಾನಸ್ ಮುಟ್ಟಬಾರದು.

ಕೈ, ಕಾನಸ್, ಕಬ್ಬಿಣ ಎಲ್ಲ ಅದೇ. ಐಟಿಐಯಲ್ಲಿ ಬರಲಿಲ್ಲ, ಇಲ್ಲಿ ಬಂತು. ಯಾಕೆಂದರೆ ಇಲ್ಲಿ ಮೊದಲು ಬಾಯಿ ಬಿಡಬೇಕಿತ್ತು.

ಸೈಟ್ ಮೇಲೆ

👆 ಇದನ್ನು ಕಟ್ಟು ಹಾಕಿಸಿ ಎಲ್ಲ ಲ್ಯಾಬಿನಲ್ಲೂ ತೂಗು ಹಾಕಬೇಕು.

ಬ್ರೆಡ್‌ಬೋರ್ಡ್ (ನವಿ ಮುಂಬಯಿ)

ನಾನು ಎಲೆಕ್ಟ್ರಾನಿಕ್ಸ್ ಕಡೆಯವನು. ಟೂಲ್‌ರೂಮ್ ಅವರು ಹೇಳಿದ್ದನ್ನೇ ನಾವು ಎಲ್‌ಇಡಿಯಲ್ಲಿ ಮಾಡುತ್ತೇವೆ. 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, ಒಂದಿಷ್ಟು ರೆಸಿಸ್ಟರ್. ಜೋಡಿಸುವ ಮೊದಲು ಕರೆಂಟ್ ಎಷ್ಟು ಬರುತ್ತೆ ಅಂತ ಬರೆದಿಡಬೇಕು. ಎಲ್‌ಇಡಿಯಲ್ಲಿ ಸುಮಾರು 2 ವೋಲ್ಟ್ ಬಿದ್ದುಹೋಗುತ್ತೆ ಅನ್ನುವುದನ್ನು ಅರ್ಧ ಕ್ಲಾಸು ಮರೆಯುತ್ತದೆ. 470 ಓಮ್ ಹಾಕಿದವರು 9 ಭಾಗಿಸು 470 ಅಂತ 19 ಮಿಲಿಆಂಪ್ ಬರೆಯುತ್ತಾರೆ. ಮೀಟರ್ ಹತ್ತಿರ ಹತ್ತಿರ 15 ತೋರಿಸುತ್ತದೆ. ಆಗ ಅವರೇ ಕೇಳುತ್ತಾರೆ, ಉಳಿದ 4 ಎಲ್ಲಿ ಹೋಯಿತು ಸರ್ ಅಂತ. ಆ ಪ್ರಶ್ನೆ ಅವರ ಬಾಯಿಂದ ಬಂದ ಮೇಲೆ ನನ್ನ ಲೆಕ್ಚರ್ ಹತ್ತೇ ನಿಮಿಷ.

ಅದನ್ನೇ ಮೊದಲು ಹೇಳಿ ಆಮೇಲೆ ಮಾಡಿಸಿ ನೋಡಿ. ಎಲ್ಲರೂ 15 ಬರೆದು ಮನೆಗೆ ಹೋಗುತ್ತಾರೆ. ಮೀಟರ್ ನೋಡದೆಯೇ 15 ಬರೆಯುವವರೂ ಇದ್ದಾರೆ.

ಡೊಂಬಿವಲಿ ಅಮ್ಮ

ರೆಸಿಸ್ಟರ್ ಇಲ್ಲದೆ ಜೋಡಿಸಿದರೆ ಏನಾಗುತ್ತೆ? ನನ್ನ ಮಗ ಮನೆಯಲ್ಲಿ ಅದೇ ಮಾಡಿ ಸುಟ್ಟ ವಾಸನೆ ಬರಿಸಿದ.

ಬ್ರೆಡ್‌ಬೋರ್ಡ್

ಅಮ್ಮ, ಅದೇ ಆಗುತ್ತೆ 😄 ಒಂದು ಎಲ್‌ಇಡಿ ಒಂದೆರಡು ರೂಪಾಯಿ. ಲ್ಯಾಮಿಂಗ್ಟನ್ ರೋಡಿಗೆ ಹೋದರೆ ನೂರು ಒಟ್ಟಿಗೆ ತರಬಹುದು. ಸುಡಲಿ ಬಿಡಿ. ಒಮ್ಮೆ ಸುಟ್ಟವನು ರೆಸಿಸ್ಟರ್ ಮರೆಯುವುದಿಲ್ಲ.

ಎರಡನೇ ಬೆಂಚು

ನಮ್ಮ ಲ್ಯಾಬಿನಲ್ಲಿ ಒಂದು ಎಲ್‌ಇಡಿ ಸುಟ್ಟರೆ ಲ್ಯಾಬ್ ಅಸಿಸ್ಟೆಂಟ್ ಸಹಿ, ಎಚ್‌ಒಡಿ ಸಹಿ, ಫೈನ್ 50 ರೂಪಾಯಿ. ಹಾಗಾಗಿ ಯಾರೂ ಮುಟ್ಟುವುದಿಲ್ಲ. ಸರ್ ಒಂದು ಸಲ ಮಾಡಿ ತೋರಿಸುತ್ತಾರೆ, ನಾವು ಸುತ್ತ ನಿಂತು ರೀಡಿಂಗ್ ಬರೆದುಕೊಳ್ಳುತ್ತೇವೆ. ಹಿಂದೆ ನಿಂತವರಿಗೆ ಸರ್ ಬೆನ್ನು ಕಾಣುತ್ತದೆ.

ಜರ್ನಲ್ (ಲ್ಯಾಬ್ ರೆಕಾರ್ಡ್) ಕಥೆ ಬೇರೆ. ಸಬ್ಮಿಷನ್ ವಾರದಲ್ಲಿ ಸೀನಿಯರ್ ಜರ್ನಲ್ ನೋಡಿ ಇಳಿಸುವುದು. ಡ್ರಾಯಿಂಗ್ ಶೀಟಿಗಾದರೆ ಜಿಟಿ. ಗಾಜಿನ ಕೆಳಗೆ ಬಲ್ಬ್ ಇಟ್ಟು ಮೇಲೆ ಶೀಟು ಇಟ್ಟು ಗೆರೆ ಎಳೆಯುವುದು. ಇದಕ್ಕಿಂತ ಕೈಕೆಲಸ ಬೇಕಾ?

ಸೈಟ್ ಮೇಲೆ

ಜಿಟಿ ಇನ್ನೂ ಇದೆಯಾ! ನಾವು ಹಾಸ್ಟೆಲ್ ಕಿಟಕಿಯ ಗಾಜೇ ಕಿತ್ತಿದ್ದೆವು.

ಫೋಂಡಾ ಕಡೆಯವನು (ಗೋವಾ)

ಹಾದಿ ತಪ್ಪುತ್ತಿದೆ ಮಾತು, ಆದರೂ ಹೇಳುತ್ತೇನೆ. ನಾನು ಇಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ಮೆಕ್ಯಾನಿಕಲ್ ಹೇಳುತ್ತೇನೆ. ಹುಡುಗರಲ್ಲಿ ಕೊಂಕಣಿಯವರು ಜಾಸ್ತಿ, ವಾಸ್ಕೊ ಕಡೆಯಿಂದ ನಮ್ಮ ವಿಜಯಪುರ, ಬಾಗಲಕೋಟೆ ಮೂಲದ ಮಕ್ಕಳೂ ಬರುತ್ತಾರೆ. ಅಪ್ಪ ಹಡಗು ರಿಪೇರಿ ಕಡೆಯೋ ಕಟ್ಟಡದ ಕೆಲಸದಲ್ಲೋ ಇರುತ್ತಾನೆ.

ಮೊಮೆಂಟ್ ಅಂದರೆ ಬಲ ಗುಣಿಸು ದೂರ ಅಂತ ಒಬ್ಬ ಹುಡುಗನಿಗೆ ಮೂರು ಸಲ ಹೇಳಿದೆ. ಮುಖದಲ್ಲಿ ಏನೂ ಇಲ್ಲ. ಕೊನೆಗೆ ಕನ್ನಡದಲ್ಲಿ ಕೇಳಿದೆ, "ಕಲ್ಲು ಎಬ್ಬಿಸೋವಾಗ ನಿಮ್ಮಪ್ಪ ಹಾರೆ ತುದಿ ಹಿಡೀತಾನೋ ನಡು ಹಿಡೀತಾನೋ?" "ತುದಿ ಸರ್." "ಯಾಕ?" "ನಡು ಹಿಡಿದ್ರ ಏಳೂದಿಲ್ಲ ಸರ್." ಮುಗಿಯಿತು. ಅವನಿಗೆ ಮೊಮೆಂಟ್ ಮೊದಲೇ ಗೊತ್ತಿತ್ತು, ಅದರ ಇಂಗ್ಲಿಷ್ ಹೆಸರು ಮಾತ್ರ ಗೊತ್ತಿರಲಿಲ್ಲ. ಇವನನ್ನು ಯಾವ ಶೈಲಿಗೆ ಹಾಕುತ್ತೀರಿ? ಕೇಳಿ ಕಲಿಯುವವನೋ, ಕೈಯಿಂದ ಕಲಿಯುವವನೋ? ನನಗೆ ಕಂಡಿದ್ದು ಭಾಷೆಯ ತೊಡಕು.

ಡೊಂಬಿವಲಿ ಅಮ್ಮ

ಎಷ್ಟು ಚೆನ್ನಾಗಿ ಹೇಳಿದಿರಿ. ಈಗ ಇಂಜಿನಿಯರಿಂಗನ್ನು ಕನ್ನಡದಲ್ಲೇ ಓದಬಹುದಂತಲ್ಲ?

ಪೇಪರ್ ಹುಳ

2021ರಲ್ಲಿ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಮರಾಠಿ, ಕನ್ನಡ ಸೇರಿ ಎಂಟು ಭಾಷೆಗಳಲ್ಲಿ ಅನುಮತಿ ಕೊಟ್ಟಿತು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲೂ ಸಾಫ್ಟ್‌ವೇರ್ ಪಾಠಗಳು ಕನ್ನಡದಲ್ಲಿ ಸಿಗುತ್ತವೆ. ಅಮ್ಮ, ನಿಮ್ಮ ಮಗನಿಗೆ ತೋರಿಸಿ.

ಮಾಟುಂಗಾ ಮಾಮ

ಭಾಷೆ ಗೀಷೆ ಎಲ್ಲ ನೆಪ. ನಮ್ಮ ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಿಂದ ಬಂದು ಇದೇ ಪುಣೆಯಲ್ಲಿ ಇಂಗ್ಲಿಷಿನಲ್ಲೇ ಇಂಜಿನಿಯರಿಂಗ್ ಓದಿದರು. ಖಡಕ್‌ವಾಸ್ಲಾ ಅಣೆಕಟ್ಟು ಕಟ್ಟಿದರು. ಯಾವ ಕಡ್ಡಿ ಸೇತುವೆ ಮಾಡಿದ್ದರು?

ಸೈಟ್ ಮೇಲೆ

ಮಾಮ, ಒಂದು ತಿದ್ದುಪಡಿ. ಖಡಕ್‌ವಾಸ್ಲಾ ಅಣೆಕಟ್ಟು ಅವರಿಗಿಂತ ಮೊದಲೇ ಇತ್ತು. ಅವರು ಅಲ್ಲಿ 1903ರಲ್ಲಿ ಹಾಕಿಸಿದ್ದು ತಾನಾಗಿ ತೆರೆದು ಮುಚ್ಚುವ ಗೇಟುಗಳು. ಪ್ರವಾಹದ ನೀರು ಒಂದು ಮಟ್ಟ ದಾಟಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಅಣೆಕಟ್ಟನ್ನು ಎತ್ತರಿಸದೆಯೇ ಜಾಸ್ತಿ ನೀರು ನಿಲ್ಲಿಸಬಹುದು. ಆಮೇಲೆ ಗ್ವಾಲಿಯರ್ ಹತ್ತಿರ ತಿಗ್ರಾದಲ್ಲಿ, ನಮ್ಮ ಕನ್ನಂಬಾಡಿಯಲ್ಲಿ ಕೂಡ ಅದೇ ಬಗೆಯ ಗೇಟು.

ಅದನ್ನು ಯಾರಾದರೂ ಬರೀ ನೋಟ್ಸ್ ಬರೆದುಕೊಂಡು ಕಂಡುಹಿಡಿಯಲು ಆಗುತ್ತಾ? ಓದು ಮುಗಿದದ್ದು 1883ರಲ್ಲಿ. ಗೇಟು ಬಂದದ್ದು 20 ವರ್ಷ ಆದ ಮೇಲೆ. ನಡುವೆ ಪೂರ್ತಿ ಸೈಟ್ ಮೇಲೆ ಇದ್ದರು.

ಮಾಟುಂಗಾ ಮಾಮ

ಸರಿ, ಗೇಟು. ಒಪ್ಪಿದೆ. ಆದರೆ ಓದಿದ್ದು ಪುಣೆಯಲ್ಲಿ ಅನ್ನುವುದು ಸರಿ ತಾನೇ?

ಸೈಟ್ ಮೇಲೆ

ಅದು ನೂರಕ್ಕೆ ನೂರು. ಈಗ ಸಿಒಇಪಿ ಅನ್ನುತ್ತಾರಲ್ಲ, ಅದೇ ಕಾಲೇಜು. ಶುರುವಾದದ್ದು 1854.

ಎರಡನೇ ಬೆಂಚು

ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕಿ ಪಿಪಿಟಿ ಸ್ಪರ್ಧೆ ಇಡುತ್ತಾರೆ. ಗೇಟು ಹೇಗೆ ತೆರೆಯುತ್ತೆ ಅಂತ ಇವತ್ತೇ ಗೊತ್ತಾಗಿದ್ದು.

ನಿರ್ವಾಹಕ

ವಿಶ್ವೇಶ್ವರಯ್ಯನವರ ಬಗ್ಗೆ ಬೇರೆ ಎಳೆ ಶುರು ಮಾಡಿ ದಯವಿಟ್ಟು. ಇಲ್ಲಿ ಮೇಡಂ ಪ್ರಶ್ನೆಗೆ ಉತ್ತರ ಇನ್ನೂ ಪೂರ್ತಿ ಬಂದಿಲ್ಲ.

ಸೈಟ್ ಮೇಲೆ

ಬಂದೆ. ಕೆಲಸಕ್ಕೆ ಇಟ್ಟುಕೊಂಡವರು ಹೇಳಿ ಅಂದಿದ್ದರಲ್ಲ ಮೇಡಂ. ಹೋದ ಮಳೆಗಾಲದಲ್ಲಿ ಒಬ್ಬ ಹೊಸ ಹುಡುಗ ಸೇರಿದ. ಬುದ್ಧಿವಂತ, ಮಾರ್ಕ್ಸ್ ಚೆನ್ನಾಗಿತ್ತು. ಕಾಂಕ್ರೀಟ್ ಗಾಡಿ ಬಂತು, ಸ್ಲಂಪ್ ನೋಡು ಅಂದೆ. ಕೋನ್ ಇಟ್ಟ, ತುಂಬಿದ, ಪ್ರತಿ ಪದರಕ್ಕೆ 25 ಸಲ ಸಲಾಕೆಯಿಂದ ಕುಟ್ಟಿದ, ಎತ್ತಿದ. ಒಂದೂ ತಪ್ಪಿಲ್ಲ. ಕೋನ್ 300 ಮಿ.ಮೀ ಎತ್ತರ, ಕಾಂಕ್ರೀಟ್ ಕುಸಿದು ಎಷ್ಟು ಇಳಿಯಿತೋ ಅದು ಸ್ಲಂಪ್. ಅಳತೆ ಬರೆದು ತಂದು ಕೊಟ್ಟ. 190.

"ಆಮೇಲೆ?" ಅಂದೆ. "ಆಮೇಲೆ ಏನು ಸರ್?" ಅಂದ. ನಮಗೆ ಬೇಕಿದ್ದದ್ದು 100ರ ಆಸುಪಾಸು. ಡ್ರೈವರ್ ದಾರಿಯಲ್ಲಿ ನೀರು ಬಿಟ್ಟಿದ್ದಾನೆ ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ. ನೀರು ಜಾಸ್ತಿಯಾದರೆ ಬಲ ಕಡಿಮೆ ಅಂತ ಪರೀಕ್ಷೆಯಲ್ಲಿ ಹತ್ತು ಸಲ ಬರೆದಿರುತ್ತಾನೆ. ಗಾಡಿ ವಾಪಸ್ ಕಳಿಸಬೇಕು ಅನ್ನುವುದು ಅದೇ ಮಾತು ಅಂತ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಅವನು ಸ್ಲಂಪ್ ಟೆಸ್ಟ್ ಮಾಡಿದ್ದಾನೆ, ಕೈಯಿಂದಲೇ ಮಾಡಿದ್ದಾನೆ. ಆದರೆ ಎಂಥ ಕಾಂಕ್ರೀಟ್ ಎಷ್ಟು ಕುಸಿಯುತ್ತೆ ಅಂತ ಮೊದಲೇ ಹೇಳು ಅಂತ ಯಾರೂ ಕೇಳಿರಲಿಲ್ಲ.

ಮೇಡಂ, ಬೀಮಿಗೆ ಒಂದು ಉಪಾಯ ಹೇಳುತ್ತೇನೆ. ಅಕ್ರಿಲಿಕ್ ಪಟ್ಟಿ ಕತ್ತರಿಸಿ. 300 ಮಿ.ಮೀ ಉದ್ದ, 30 ಅಗಲ, 3 ದಪ್ಪ. ಎರಡು ಮರದ ತುಂಡಿನ ಮೇಲೆ ಅಡ್ಡ ಮಲಗಿಸಿ, ನಡುವೆ ಅರ್ಧ ಲೀಟರ್ ನೀರಿನ ಬಾಟಲಿ ತೂಗಿ ಹಾಕಿ. ಬಗ್ಗುವುದು ಕಣ್ಣಿಗೆ ಕಾಣುತ್ತದೆ. ಈಗ ಅದೇ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಎಷ್ಟು ಪಟ್ಟು ಗಟ್ಟಿ? ಮೊದಲು ಬರೆಸಿ. ಎಲ್ಲರೂ 10 ಪಟ್ಟು ಅನ್ನುತ್ತಾರೆ.

ಬ್ರೆಡ್‌ಬೋರ್ಡ್

ನಾನೂ 10 ಅಂದುಕೊಂಡೆ. 30 ಭಾಗಿಸು 3.

ಸೈಟ್ ಮೇಲೆ

100 ಪಟ್ಟು. ಪಟ್ಟಿಯ ಗಟ್ಟಿತನಕ್ಕೆ ಅಗಲ ಒಂದೇ ಸಲ, ಎತ್ತರ ಮೂರು ಸಲ ಗುಣಿಸಿ 12ರಿಂದ ಭಾಗಿಸಬೇಕಲ್ಲ. ಮಲಗಿಸಿದಾಗ 67.5, ನಿಲ್ಲಿಸಿದಾಗ 6750. ಮನೆಯ ತೊಲೆಗಳನ್ನು ಯಾಕೆ ಯಾವಾಗಲೂ ನಿಲ್ಲಿಸಿ ಇಡುತ್ತಾರೆ ಅನ್ನುವುದಕ್ಕೆ ಬಡಗಿಗೆ ಈ ಸೂತ್ರ ಬೇಕಾಗಿಲ್ಲ. ನಮ್ಮ ಮಕ್ಕಳಿಗೆ ಬೇಕು.

ಭೋಸರಿ ಟೂಲ್‌ರೂಮ್

ನಿಲ್ಲಿಸಿದ ಪಟ್ಟಿ ಪಲ್ಟಿ ಹೊಡೆಯುತ್ತೆ ರೀ. ಮರದ ತುಂಡಿನಲ್ಲಿ 3 ಮಿ.ಮೀ ಕಚ್ಚು ಕೊಯ್ಯಿಸಿ ಅದರಲ್ಲಿ ಕೂರಿಸಿ. ನಿಲ್ಲಿಸಿದಾಗ ಬಗ್ಗುವುದು ಕಣ್ಣಿಗೆ ಕಾಣುವುದಿಲ್ಲ, ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ಇಡಿ. ಒಂದು ಗೆರೆ 0.01 ಮಿ.ಮೀ. ನಿಮ್ಮ ಲ್ಯಾಬಿನ ಕಪಾಟಿನಲ್ಲಿ ಇದ್ದೇ ಇರುತ್ತೆ, ಬೀಗ ಹಾಕಿಕೊಂಡು.

ಕೋಥ್ರೂಡ್ ಮೇಡಂ

ಇದೆ. ಬೀಗವೂ ಇದೆ 🙂

ನನಗೆ ಒಂದು ಹೆದರಿಕೆ. ಮೊದಲು ಊಹಿಸಿ ಅಂದರೆ ಮಕ್ಕಳು ತಪ್ಪು ಬರೆಯಲು ನಾಚುತ್ತಾರೆ. ಮುಂದಿನ ಬೆಂಚಿನ ಇಬ್ಬರು ಹೇಳಿದ್ದನ್ನೇ ಎಲ್ಲರೂ ಬರೆಯುತ್ತಾರೆ. ಇನ್ನೊಂದು, ಎಚ್‌ಒಡಿಗೆ ಶೈಲಿಯ ಪ್ರಕಾರ ಗುಂಪು ಮಾಡಿದ ದಾಖಲೆ ಬೇಕೇ ಬೇಕು. ಕೋರ್ಸಿಗೆ ಮಾನ್ಯತೆ ಕೊಡುವ ಎನ್‌ಬಿಎ ತಂಡ ಬರುತ್ತದೆ ಅನ್ನುತ್ತಾರೆ.

ಪೇಪರ್ ಹುಳ

ಊಹೆಗೆ ಮಾರ್ಕ್ಸ್ ಇಡಬೇಡಿ. ಚೀಟಿಯಲ್ಲಿ ಬರೆದು ಮಡಚಿ ಇಡಲಿ, ಹೆಸರು ಬೇಡ. ಹಾರ್ವರ್ಡಿನ ಭೌತಶಾಸ್ತ್ರ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದಿಂದ ಇಂಥದ್ದನ್ನೇ ಮಾಡಿಸುತ್ತಿದ್ದರು. ಪ್ರಶ್ನೆ ಕೊಟ್ಟು ಒಬ್ಬೊಬ್ಬರೇ ಉತ್ತರ ಹೇಳಬೇಕು, ಆಮೇಲೆ ಪಕ್ಕದವನನ್ನು ಒಪ್ಪಿಸಲು ನೋಡಬೇಕು, ಮತ್ತೆ ಉತ್ತರ ಹೇಳಬೇಕು.

ಒಂದು ಎಚ್ಚರಿಕೆ. ಇಂಥ ಕ್ಲಾಸಿನಲ್ಲಿ ಮಕ್ಕಳು ಗೊಣಗುತ್ತಾರೆ. 2019ರಲ್ಲಿ ಹಾರ್ವರ್ಡಿನಲ್ಲೇ ನೋಡಿದ್ದು ಇದು. ಮಾಡಿ ಕಲಿತ ಗುಂಪು ಪರೀಕ್ಷೆಯಲ್ಲಿ ಮುಂದಿತ್ತು, ಆದರೆ ತಾವು ಕಡಿಮೆ ಕಲಿತೆವು ಅಂತ ಅವರಿಗೆ ಅನ್ನಿಸಿತ್ತು. ಚೆಂದದ ಲೆಕ್ಚರ್ ಕೇಳಿದವರಿಗೆ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ. ವರ್ಷದ ಕೊನೆಯ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ನಿಮಗೆ ಹೊಡೆತ ಬೀಳಬಹುದು, ತಯಾರಾಗಿರಿ.

ಫೋಂಡಾ ಕಡೆಯವನು

ದಾಖಲೆಗೆ ಅಂಜಬೇಡಿ ಮೇಡಂ. ಎಲ್ಲ ಗುಂಪಿಗೂ ಅದೇ ಪಟ್ಟಿ ಕೊಡಿ. ನೋಡುವವರು ನೋಡುತ್ತಾರೆ, ಕೇಳುವವರು ಕೇಳುತ್ತಾರೆ, ಬರೆಯುವವರು ಚೀಟಿ ಬರೆಯುತ್ತಾರೆ, ಮುಟ್ಟುವವರು ಬಾಟಲಿ ಹಾಕುತ್ತಾರೆ. ನಾಲ್ಕೂ ಕಾಲಮ್ ತುಂಬಿತು. ನಾನು ಮೂರು ವರ್ಷದಿಂದ ಹೀಗೇ ತುಂಬುತ್ತಿದ್ದೇನೆ.

ಎರಡನೇ ಬೆಂಚು

ಮೇಡಂ, ಆರು ಜನರ ಗುಂಪು ಮಾತ್ರ ಬೇಡ. ಮೂರು ಸಾಕು. ಫೆವಿಕಾಲ್ ಹಿಡಿಯುವ ಕೆಲಸ ಇರಬಾರದು.

ಮಾಟುಂಗಾ ಮಾಮ

ಮೇಡಂ, ಮಾಡಿ ನೋಡಿ ಇಲ್ಲಿ ಬರೆಯಿರಿ. ನಾನು ಒಪ್ಪಿದೆ ಅಂತಲ್ಲ. ಏನಾಯಿತು ಅಂತ ನೋಡುವ ಆಸೆ.

ಕೋಥ್ರೂಡ್ ಮೇಡಂ (ಮೂರು ವಾರದ ನಂತರ)

ಮಾಡಿದೆ. ಭೋಸರಿಯಲ್ಲಿ ಲೇಸರ್ ಕಟಿಂಗ್ ಅಂಗಡಿಯಲ್ಲಿ ಪಟ್ಟಿ ಕತ್ತರಿಸಿಕೊಟ್ಟರು. ಟೂಲ್‌ರೂಮ್ ಅಣ್ಣ ಕಚ್ಚು ಕೊಯ್ದ ಮರದ ತುಂಡುಗಳನ್ನು ತಾವೇ ಕಳಿಸಿದರು, ಅವರಿಗೆ ದೊಡ್ಡ ನಮಸ್ಕಾರ.

ಮೂರು ಮೂರು ಜನ. ಚೀಟಿಯಲ್ಲಿ ಊಹೆ. ಸುಮಾರು ಎಲ್ಲರದೂ 10 ಪಟ್ಟು, ಒಬ್ಬ 3 ಅಂದ, ಒಬ್ಬಳು 30. 100 ಅಂದವರು ಇಬ್ಬರು, ಅವರು ಸೂತ್ರ ಹಾಕಿದ್ದರು. ಮಲಗಿಸಿದಾಗ ಪಟ್ಟಿ 8 ಮಿ.ಮೀ ಬಗ್ಗಿತು. ನಿಲ್ಲಿಸಿ ಬಾಟಲಿ ಹಾಕಿದರೆ ಏನೂ ಇಲ್ಲ. ಒಬ್ಬ ಬಗ್ಗಿ ಕಣ್ಣು ಪಟ್ಟಿಯ ಮಟ್ಟಕ್ಕೆ ಇಟ್ಟು "ಮೇಡಂ, ಹಾಲ್‌ಲಾಚ್ ನಾಹಿ!" ಅಂತ ಕೂಗಿದ. ಅಲ್ಲಾಡಲೇ ಇಲ್ಲ ಅಂತ. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತು. ಅವತ್ತು ನಾನು ಸೂತ್ರ ಬರೆದಾಗ ಯಾರೂ ಫೋನ್ ಕಡೆ ನೋಡಲಿಲ್ಲ.

ಅದೇ ಪಟ್ಟಿಯ ಮೇಲೆ ಬಾಟಲಿಯನ್ನು ನಡುವಿನಿಂದ ತುದಿಗೆ ಜರುಗಿಸುತ್ತಾ ಎಲ್ಲಿ ಜಾಸ್ತಿ ಬಗ್ಗುತ್ತೆ ಅಂತ ನೋಡಿದೆವು, ಆಮೇಲೆ ಬಾಟಲಿ ನಡುವೆ ಇದ್ದಾಗಿನ ಡಯಾಗ್ರಮ್ ಬರೆದೆವು. ಟೆಸ್ಟಿನಲ್ಲಿ ಖಾಲಿ ಹಾಳೆ ಬಿಟ್ಟಿದ್ದ ಹುಡುಗಿ ತ್ರಿಕೋನ ಸರಿಯಾಗಿ ಬರೆದಳು, ತುದಿಗಳಲ್ಲಿ ಸೊನ್ನೆ ಯಾಕೆ ಅಂತಲೂ ಹೇಳಿದಳು. ಎಲ್ಲರೂ ಪಾಸಾಗಲಿಲ್ಲ. ಲೆಕ್ಕದಲ್ಲಿ ತಪ್ಪುವವರು ಇನ್ನೂ ತಪ್ಪುತ್ತಾರೆ.

ಈಗ ಹೊಸ ತೊಂದರೆ. ನಿಲ್ಲಿಸಿದಾಗ ಲೆಕ್ಕದ ಪ್ರಕಾರ ಡಯಲ್ ಗೇಜ್ 8 ಗೆರೆ ತಿರುಗಬೇಕು. ಬಂದದ್ದು 11. ಮೂರು ಸಲ ಮಾಡಿದೆವು, ಹತ್ತಿರ ಹತ್ತಿರ ಅಷ್ಟೇ. ಆ ಮೂರು ಗೆರೆ ಎಲ್ಲಿಂದ ಬಂತು ಅಂತ ಮಕ್ಕಳು ನನ್ನ ಪ್ರಾಣ ತಿನ್ನುತ್ತಿದ್ದಾರೆ. ನಾಳೆ ಉತ್ತರ ಹೇಳುತ್ತೇನೆ ಅಂದು ಬಂದಿದ್ದೇನೆ.

ಬ್ರೆಡ್‌ಬೋರ್ಡ್

ನನ್ನ 4 ಮಿಲಿಆಂಪ್ ನಿಮ್ಮ ಮನೆಗೆ ಬಂದಿದೆ 😄

ಭೋಸರಿ ಟೂಲ್‌ರೂಮ್

ನಾನು ಕಳಿಸಿದ್ದು ಸಾಗುವಾನಿ ಅಲ್ಲ ಅಕ್ಕಾ, ಪ್ಯಾಕಿಂಗ್ ಪೆಟ್ಟಿಗೆಯ ಮೆತ್ತನೆ ಮರ. ಪಟ್ಟಿಯ ಅಂಚು ತೆಳು, ಭಾರ ಬಿದ್ದಾಗ ಮರದಲ್ಲಿ ಒತ್ತಿ ಕೂತಿರುತ್ತೆ. ಆದರೆ ನಾಳೆ ಇದನ್ನು ಹೇಳಬೇಡಿ. ಡಯಲ್ ಗೇಜನ್ನು ನಡುವೆ ಬದಲು ಒಂದು ಮರದ ತುಂಡಿನ ಮೇಲೆ, ಪಟ್ಟಿ ಕೂತ ಜಾಗದಲ್ಲೇ ಇಡಿ ಅನ್ನಿ. ಎಷ್ಟು ತಿರುಗುತ್ತೆ ಅಂತ ಮೊದಲು ಬರೆಸಿ.

ಮಾಟುಂಗಾ ಮಾಮ

ನಾನು 3 ಅನ್ನುತ್ತೇನೆ. ಚೀಟಿ ಮಡಚಿ ಇಟ್ಟಿದ್ದೇನೆ.